ಗೋಥೆನ್‌ಬರ್ಗಿನಲ್ಲಿ ನಾಲ್ಕು ಚೂರು ಗ್ರಾಫೀನ್

ಫ್ರಾಂಕ್‌ಫರ್ಟ್

ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದ ತಪಾಸಣೆ ಮೇಜಿನ ಮೇಲೆ ನಮ್ಮ ಮಾನ ಮೂರು ಪೊಟ್ಟಣಗಳಲ್ಲಿ ಬಿಚ್ಚಿ ಬಿದ್ದಿತ್ತು. ಒಂದು ನನ್ನ ವಿಭೂತಿ ಗಟ್ಟಿ, ಇನ್ನೊಂದು ಬೀರಪ್ಪನ ಭಂಡಾರದ ಚೀಲ, ಮತ್ತೊಂದು ನಮ್ಮತ್ತೆ ಒತ್ತಿ ಒತ್ತಿ ತುಂಬಿಕೊಟ್ಟ ಮಂಡಕ್ಕಿ. ತಪಾಸಣೆಯವನು ವಿಭೂತಿಯನ್ನು ಮೂಸಿ ಪಕ್ಕಕ್ಕಿಟ್ಟ. ಭಂಡಾರದ ಹಳದಿ ಪುಡಿ ನೋಡಿ ಅವನ ಮುಖ ಅರಳಿತು. "ಅಡುಗೆ ಮಸಾಲೆ?" ಎಂದು ಕೇಳಿದ.

ಬೀರಪ್ಪನಿಗೆ ಇಂಗ್ಲಿಷ್ ಅರ್ಥವಾಗುತ್ತದೆ, ಆಡಲು ನಾಚಿಕೆ. ನನ್ನ ಕಡೆ ತಿರುಗಿ, "ಪಲ್ಲೆಕ್ಕಲ್ಲ, ಹಣಿಗೆ ಅಂತ ಹೇಳ್ರಿ ಅಕ್ಕಾರ. ಮೈಲಾರಲಿಂಗನ ಭಂಡಾರ ಐತಿ ಅದು, ಒಲಿ ಮ್ಯಾಲೆ ಹಾಕಂಗಿಲ್ಲ" ಎಂದ. ನಾನು ಹೇಳಿದೆ. ಆ ಮನುಷ್ಯ ತಲೆಯಾಡಿಸಿ ಬಿಟ್ಟುಬಿಟ್ಟ.

ಮಂಡಕ್ಕಿ ಮಾತ್ರ ಅವನನ್ನು ನಿಜಕ್ಕೂ ಕಂಗೆಡಿಸಿತು. ಗಾಜಿನ ಸಾಮಾನು ಒಡೆಯದಿರಲೆಂದು ಸುತ್ತ ತುಂಬುವ ಹಗುರ ವಸ್ತು ಅದೆಂದು ತಿಳಿದು, ಮೊಣಕೈವರೆಗೆ ಕೈ ಇಳಿಸಿ ತಡಕಾಡತೊಡಗಿದ.

"ಇದರ ಒಳಗೆ ಏನು ಇಟ್ಟಿದ್ದೀರಿ?"

"ಏನೂ ಇಲ್ಲ. ಇರುವುದು ಇದೇ."

"ಇದು ಯಾಕೆ?"

"ತಿನ್ನಲಿಕ್ಕೆ."

ನಂಬಲಿಲ್ಲ. ನಾನೂ ಬೀರಪ್ಪನೂ ಒಂದೊಂದು ಮುಷ್ಟಿ ಬಾಯಿಗೆ ಎಸೆದುಕೊಂಡು ತೋರಿಸಿದೆವು. ಹಿಂದೆ ನಿಂತಿದ್ದ ಸಾಲು ಪೂರ್ತಿ ನಮ್ಮನ್ನೇ ನೋಡುತ್ತಿತ್ತು. ಕೊನೆಗೆ ಅವನೂ ನಾಲ್ಕು ಕಾಳು ತಿಂದು, ಉಪ್ಪಿಲ್ಲ ಎಂದ. ಉಪ್ಪಿಲ್ಲದ್ದು ನಿಜ, ಖಾರದ ಮಿರ್ಚಿ ಜೊತೆಗಿದ್ದರೆ ಅದರ ಮಾತೇ ಬೇರೆ ಎಂದು ಅವನಿಗೆ ಹೇಳುವಷ್ಟು ಸಮಯವಿರಲಿಲ್ಲ.

ನಾನು ಗಿರಿಜಾ, ಕೊಟ್ಟೂರಿನವಳು. ಹರಪನಹಳ್ಳಿ ಕಡೆಯ ಒಂದು ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳುತ್ತೇನೆ. ಬೀರಪ್ಪ ಗುಡೇಕೋಟೆಯವನು, ಕುರಿ ಸಾಕುವ ಮನೆತನ. ನಮ್ಮ ಪ್ರಯೋಗಶಾಲೆಯ ಉಪಕರಣಗಳೆಲ್ಲ ಅವನ ಕೈಯಲ್ಲಿವೆ. ನನಗಿಂತ ಎರಡು ವರ್ಷ ಚಿಕ್ಕವನು, ಆದರೆ ಬೆಸುಗೆ ಕಡ್ಡಿ ಹಿಡಿದರೆ ನನಗಿಂತ ಇಪ್ಪತ್ತು ವರ್ಷ ದೊಡ್ಡವನು. ನಾವಿಬ್ಬರೂ 2009ರ ಅಕ್ಟೋಬರ್‌ನಲ್ಲಿ ಸ್ವೀಡನ್ನಿಗೆ ಹೊರಟಿದ್ದು ಒಂದು ಆಂಟೆನಾದ ಸಲುವಾಗಿ.

ಆ ಆಂಟೆನಾ ಏನೆಂಬುದನ್ನು ನನ್ನ ಪಿಎಚ್‌ಡಿ ಪ್ರಬಂಧ ಇನ್ನೂರು ಪುಟಗಳಲ್ಲಿ ಹೇಳುತ್ತದೆ. ಬೀರಪ್ಪ ಮುಂದಿನ ವಿಮಾನದಲ್ಲಿ, ಬೆಲ್ಟು ಬಿಗಿದುಕೊಳ್ಳುತ್ತ, ಎರಡೇ ಮಾತಿನಲ್ಲಿ ಹೇಳಿದ. ಕುರಿ ಹಿಂದೆ ಗುಡ್ಡ ಅಲೆಯುತ್ತಿದ್ದಾಗ ಅವನ ಹತ್ತಿರ ಒಂದು ರೇಡಿಯೊ ಇತ್ತಂತೆ. ಜಾಲಿ ಗಿಡಕ್ಕೆ ತಂತಿ ಎಳೆದು ಕಟ್ಟಬೇಕು. ಒಂದು ಕೇಂದ್ರಕ್ಕೆ ತಂತಿ ಉದ್ದ ಬಿಡಬೇಕು, ಇನ್ನೊಂದಕ್ಕೆ ಮಡಚಿ ಗಿಡ್ಡ ಮಾಡಬೇಕು.

"ನಿಮ್ಮ ಆಂಟೆನಾನೂ ಅಷ್ಟ ಅಲ್ರೀ ಅಕ್ಕಾರ? ತಂತಿ ಮಡಚೋದು, ತಂತಿ ಬಿಚ್ಚೋದು. ಆದ್ರ ಕೈ ಹಚ್ಚಂಗಿಲ್ಲ, ಅಷ್ಟ."

ಅಷ್ಟೇ. ಕೈ ಹಚ್ಚದೆ ಉದ್ದ ಗಿಡ್ಡವಾಗುವ ಆಂಟೆನಾ. ಪೆನ್ಸಿಲ್ಲಿನ ಸೀಸವನ್ನು ಪದರ ಪದರವಾಗಿ ಬಿಡಿಸುತ್ತ ಹೋದರೆ ಕಡೆಗೆ ಉಳಿಯುವ ಒಂದೇ ಪದರಕ್ಕೆ ಗ್ರಾಫೀನ್ ಎನ್ನುತ್ತಾರೆ. ಅದರ ದಪ್ಪ ಒಂದೇ ಒಂದು ಪರಮಾಣು. ವೋಲ್ಟೇಜ್ ಏರಿಸಿದರೆ ಅದು ವಿದ್ಯುತ್ತಿಗೆ ದಾರಿ ಬಿಡುತ್ತದೆ, ಇಳಿಸಿದರೆ ಬಿಗಿ ಹಿಡಿಯುತ್ತದೆ. ಚಿನ್ನದ ಪುಟ್ಟ ಆಂಟೆನಾದ ತುದಿಗೆ ಇದರ ಚೂರೊಂದನ್ನು ಕೂರಿಸಿದರೆ, ಒಂದೇ ಆಂಟೆನಾ ಹಲವು ತರಂಗಗಳಿಗೆ ತಾನೇ ಹೊಂದಿಕೊಳ್ಳಬೇಕು. ಮುಂದೊಂದು ದಿನ ಮೊಬೈಲ್ ಫೋನಿನಲ್ಲಿ ನಾಲ್ಕು ಆಂಟೆನಾಗಳ ಕೆಲಸ ಒಂದೇ ಮಾಡಬೇಕು. ಕಂಪ್ಯೂಟರಿನೊಳಗೆ ನಾನು ಇದನ್ನು ಸಾವಿರ ಸಲ ಮಾಡಿ ನೋಡಿದ್ದೆ. ಕಂಪ್ಯೂಟರಿನ ಹೊರಗೆ ಒಂದು ಸಲವೂ ಮಾಡಿರಲಿಲ್ಲ.

ತೊಂದರೆ ಅಲ್ಲೇ ಇತ್ತು. ಪರೀಕ್ಷಕರು ಪ್ರಬಂಧವನ್ನು ವಾಪಸು ಕಳಿಸಿದ್ದರು. ಲೆಕ್ಕ ಚೆನ್ನಾಗಿದೆ, ಅಳತೆ ಎಲ್ಲಿ ಎಂದು ಒಂದೇ ಸಾಲು. ಏಳು ವರ್ಷದ ನೋಂದಣಿ ಆ ಡಿಸೆಂಬರ್‌ಗೆ ಮುಗಿಯುತ್ತಿತ್ತು. ದಾವಣಗೆರೆಯಲ್ಲಿದ್ದ ನನ್ನ ಮಾರ್ಗದರ್ಶಕರು ಎಲ್ಲೆಲ್ಲಿಗೋ ಪತ್ರ ಬರೆದು, ಗೋಥೆನ್‌ಬರ್ಗಿನ ಒಂದು ಪ್ರಯೋಗಾಲಯ ಎರಡು ವಾರಕ್ಕೆ ಇಬ್ಬರನ್ನು ಕರೆಯುವಂತೆ ಮಾಡಿದ್ದರು. ಎರಡನೆಯವರಾಗಿ ಒಬ್ಬ ಸಂಶೋಧನಾ ವಿದ್ಯಾರ್ಥಿಯನ್ನು ಕರೆದೊಯ್ಯಿ ಎಂಬುದು ಅವರ ಸಲಹೆ. ಬೀರಪ್ಪನೇ ಬೇಕು ಎಂದು ಹಟ ಹಿಡಿದವಳು ನಾನು. ಇದನ್ನು ಮುಂದೆ ನಾನೇ ಮರೆತೆ.

ಗೋಥೆನ್‌ಬರ್ಗ್, ಟ್ರಾಮ್ ನಿಲ್ದಾಣ

ಮಳೆ. ಕೂಡ್ಲಿಗಿ ಸೀಮೆಯಲ್ಲಿ ಹುಟ್ಟಿದವರಿಗೆ ಮಳೆ ಬಂದರೆ ಹೊರಗೆ ಬಂದು ನಿಂತು ನೋಡುವ ಅಭ್ಯಾಸ. ಇಲ್ಲಿ ಮಳೆಯನ್ನು ಯಾರೂ ತಲೆ ಎತ್ತಿ ನೋಡುವುದಿಲ್ಲ. ತಳ್ಳುಗಾಡಿಯಲ್ಲಿ ಮಲಗಿದ ಕೂಸಿಗೂ ಒಂದು ಪ್ಲಾಸ್ಟಿಕ್ ಹೊದಿಕೆ ಹಾಕಿ ತಮ್ಮ ಪಾಡಿಗೆ ನಡೆಯುತ್ತಾರೆ. ಮೊದಲ ದಿನ ನಾನು ಕೊಡೆ ಬಿಚ್ಚಿದೆ, ಗಾಳಿಗೆ ಅದು ತಿರುಗಿಕೊಂಡು ಬಟ್ಟಲಾಯಿತು. ಬೀರಪ್ಪ ಚೀಲದಿಂದ ಕರಿ ಕಂಬಳಿ ತೆಗೆದು ಕೊಪ್ಪೆ ಮಾಡಿ ತಲೆ ಮೇಲೆ ಹಾಕಿಕೊಂಡ. ಆ ಎರಡು ವಾರದಲ್ಲಿ ನೆನೆಯದೆ ಇದ್ದವನು ಅವನೊಬ್ಬನೇ.

ಟ್ರಾಮ್ ನಿಲ್ದಾಣದಲ್ಲಿ ಏಳೆಂಟು ಜನ ನಿಂತಿದ್ದರು, ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಒಂದು ಎತ್ತಿನಗಾಡಿ ಹೋಗುವಷ್ಟು ಜಾಗ. ಸಾಲಿನಲ್ಲಿ ಇಷ್ಟು ಜಾಗ ಬಿಟ್ಟರೆ ನಮ್ಮೂರಿನಲ್ಲಿ ಅದರೊಳಗೆ ಇನ್ನೊಂದು ಸಾಲೇ ಹುಟ್ಟಿಕೊಳ್ಳುತ್ತದೆ. ಬೀರಪ್ಪ ಸಹಜವಾಗಿ ಕೊನೆಯವರ ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ಹೋಗಿ ನಿಂತ. ಆ ಹೆಂಗಸು ಒಂದು ಹೆಜ್ಜೆ ಸರಿದರು. ಅವರು ಸರಿದದ್ದಕ್ಕೆ ಅವರ ಮುಂದಿನವರು ಸರಿದರು. ಬೀರಪ್ಪ, ತನಗೆ ಜಾಗ ಮಾಡಿಕೊಟ್ಟರೆಂದು ತಿಳಿದು, ಇನ್ನೊಂದು ಹೆಜ್ಜೆ ಮುಂದೆ ಹೋದ. ಟ್ರಾಮ್ ಬರುವಷ್ಟರಲ್ಲಿ ಮೊದಲು ನಿಂತಿದ್ದ ಮುದುಕರು ಸೂರಿನಿಂದ ಆಚೆ, ಮಳೆಯಲ್ಲಿ ನಿಂತಿದ್ದರು.

"ಎಷ್ಟ್ ಒಳ್ಳೆ ಮಂದಿ ನೋಡ್ರಿ ಅಕ್ಕಾರ, ತಾವು ತೊಯ್ಸಿಕೊಂಡು ನಮಗ ಜಾಗ ಬಿಟ್ರು."

ನಾನು ನಗು ತಡೆಯಲಾರದೆ ಟ್ರಾಮಿನೊಳಗೆ ಮುಖ ತಿರುಗಿಸಿ ಕೂತೆ. ಟ್ರಾಮಿನಲ್ಲಿ ಯಾರೂ ಮಾತಾಡುವುದಿಲ್ಲ. ಎಲ್ಲಿಗೆ ಹೊರಟಿರಿ, ಯಾವೂರು, ಮಕ್ಕಳೆಷ್ಟು ಎಂದು ಯಾರೂ ಕೇಳದ ಪ್ರಯಾಣ ನನಗೆ ಒಂದು ದಿನ ಹಾಯೆನಿಸಿತು, ಮೂರನೇ ದಿನಕ್ಕೆ ಬೇಸರವಾಯಿತು. ಆದರೆ ಮನೆಯೊಳಗೆ ಹೋಗುವಾಗ ಎಲ್ಲರೂ ಬಾಗಿಲಲ್ಲೇ ಪಾದರಕ್ಷೆ ಬಿಡುತ್ತಾರೆ. ಅದನ್ನು ಕಂಡಾಗ ನನಗೆ ಸಂಬಂಧಿಕರು ಸಿಕ್ಕಷ್ಟು ಖುಷಿಯಾಯಿತು.

ಹಳದಿ ಕೋಣೆ

ಪ್ರಯೋಗಾಲಯದ ಧೂಳು ಹೊಗದ ಕ್ಲೀನ್ ರೂಮ್ ನೋಡಿಕೊಳ್ಳುತ್ತಿದ್ದವರು ಇಂಗ್ರಿಡ್. ಅರವತ್ತರ ಹತ್ತಿರದ, ಬೆಳ್ಳಿ ಕೂದಲಿನ ಎತ್ತರದ ಹೆಂಗಸು. ಒಂದು ಕಣ ಧೂಳನ್ನು ಕಂಡರೂ ಅದರ ಹೆಸರು, ಊರು ಕೇಳುವಂಥವರು. ಬೆಳಿಗ್ಗೆ ಹತ್ತಕ್ಕೆ ಒಮ್ಮೆ, ಮಧ್ಯಾಹ್ನ ಮೂರಕ್ಕೆ ಒಮ್ಮೆ ಕಾಫಿ. ಆಗ ಮಾತ್ರ ಅವರು ನಗುತ್ತಿದ್ದರು, ಏಲಕ್ಕಿ ಹಾಕಿದ ಬನ್ನು ಕೊಡುತ್ತಿದ್ದರು. ಕೈಯಲ್ಲಿದ್ದ ಕೆಲಸ ಎಷ್ಟೇ ಅವಸರದ್ದಾದರೂ ಕಾಫಿಗೆ ಎಲ್ಲರೂ ಎದ್ದು ಬರಬೇಕು, ಕೂತು ಕುಡಿಯಬೇಕು. ನಮ್ಮ ಕಾಲೇಜಿನಲ್ಲಿ ಚಹಾ ನಿಂತಲ್ಲಿಗೇ ಬರುತ್ತದೆ, ಕೆಲಸದಿಂದ ಯಾರನ್ನೂ ಅದು ಎಂದೂ ಎಬ್ಬಿಸಿದ್ದಿಲ್ಲ.

ಕ್ಲೀನ್ ರೂಮಿಗೆ ಮೊದಲ ಸಲ ಹೋಗುವ ಮುನ್ನ ಒಂದು ಅರ್ಜಿ ತುಂಬಬೇಕಿತ್ತು. ಬೀಡಿ ಸಿಗರೇಟು ಸೇದುತ್ತೀರಾ? ಇಲ್ಲ. ಕೆಮ್ಮು ನೆಗಡಿ ಇದೆಯೇ? ಇಲ್ಲ. ಮುಖಕ್ಕೆ ಸೌಂದರ್ಯ ಸಾಧನ, ಪೌಡರ್ ಬಳಸುತ್ತೀರಾ? ಹುಟ್ಟಿದಾಗಿನಿಂದ ನಾನು ಪೌಡರ್ ಬಳಿದುಕೊಂಡವಳಲ್ಲ. ಹೆಮ್ಮೆಯಿಂದಲೇ 'ಇಲ್ಲ' ಎಂದು ಬರೆದೆ. ಬೀರಪ್ಪನ ಅರ್ಜಿಯಲ್ಲೂ ನಾನೇ 'ಇಲ್ಲ' ಎಂದು ಬರೆದೆ.

ಒಳಗೆ ಹೋಗಲು ಬಿಳಿ ಅಂಗಿ, ಬಿಳಿ ಬೂಟು, ಮೂಗಿಗೆ ಬಟ್ಟೆ, ತಲೆಗೆ ಬಿಗಿಯಾದ ಬಿಳಿ ಟೋಪಿ. ಕನ್ನಡಿಯಲ್ಲಿ ನೋಡಿಕೊಂಡು ಬೀರಪ್ಪ, "ಅಕ್ಕಾರ, ನಮ್ಮಿಬ್ರನ್ನ ಹಿಂಗ ಗುಡೇಕೋಟಿಯಾಗ ಬಿಟ್ರ ನಾಯಿ ಸೈತ ಬೊಗಳಂಗಿಲ್ರಿ, ಓಡಿ ಹೋಗ್ತಾವ" ಎಂದ. ಒಳಗಿನ ಕೋಣೆಯ ದೀಪಗಳೆಲ್ಲ ದಟ್ಟ ಹಳದಿ. ಅಲ್ಲಿ ಬಳಸುವ ಕೆಲವು ರಾಸಾಯನಿಕಗಳು ಬಿಳಿ ಬೆಳಕಿಗೆ ಕೆಡುತ್ತವೆ. ಹಾಗಾಗಿ ಅಲ್ಲಿ ಗೋಡೆ, ಮೇಜು, ಮುಖ, ಕೈ ಎಲ್ಲವೂ ಹಳದಿ.

ಇಂಗ್ರಿಡ್ ನಮಗೆ ಕೊಟ್ಟದ್ದು ಉಗುರಗಲದ ನಾಲ್ಕು ತಾಮ್ರದ ಚೂರು. ಪ್ರತಿಯೊಂದರ ಮೇಲೂ ಕಣ್ಣಿಗೆ ಕಾಣದ ಗ್ರಾಫೀನ್. ನಾಲ್ಕೇ. ಮುಂದಿನದು ಬೇಕೆಂದರೆ ಆರು ತಿಂಗಳು ಕಾಯಬೇಕು, ನನ್ನ ಹತ್ತಿರ ಆರು ತಿಂಗಳಿರಲಿಲ್ಲ. ಚೂರಿನ ಮೇಲೆ ತೆಳುವಾಗಿ ಪ್ಲಾಸ್ಟಿಕ್ ಲೇಪಿಸಿ, ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ತೇಲಿಬಿಟ್ಟರೆ ತಾಮ್ರ ಕರಗಿ ಹೋಗುತ್ತದೆ. ಈ ದ್ರಾವಣ ಬೀರಪ್ಪನಿಗೆ ಹಳೆಯ ನೆಂಟ. ಕಾಲೇಜಿನಲ್ಲಿ ಸರ್ಕ್ಯೂಟ್ ಹಲಗೆ ಕೊರೆಯಲು ಇದೇ ಬಳಸಿ, ಅವನ ಉಗುರುಗಳಿಗೆ ವರ್ಷಪೂರ್ತಿ ಅದರ ಕಂದು ಬಣ್ಣ. ತಾಮ್ರ ಹೋದ ಮೇಲೆ ಉಳಿದ ಪೊರೆಯನ್ನು ಶುದ್ಧ ನೀರಿನ ಬಟ್ಟಲಿಗೆ ದಾಟಿಸಿ, ಆಂಟೆನಾ ಇರುವ ಸಿಲಿಕಾನ್ ಚಿಪ್ಪನ್ನು ನೀರಿನಡಿಯಿಂದ ಓರೆಯಾಗಿ ಎತ್ತಿ, ಹಾಲಿನ ಕೆನೆ ತೆಗೆದ ಹಾಗೆ ತೆಗೆಯಬೇಕು.

ಬೀರಪ್ಪ ಎತ್ತಿದ. ನಾನು ಬಟ್ಟಲಿನ ಮೇಲೆ ಬಗ್ಗಿ, "ಹಂಗ, ಹಂಗ, ಸಾವಕಾಶ" ಎನ್ನುತ್ತಿದ್ದೆ. ಪೊರೆ ಸುಕ್ಕಿಲ್ಲದೆ ಚಿಪ್ಪಿನ ಮೇಲೆ ಕೂತಿತು. ಇಂಗ್ರಿಡ್ ಮೊದಲ ದಿನವೇ ಹೀಗೆ ಎತ್ತಿದವರನ್ನು ನೋಡಿಲ್ಲ ಎಂದರು. ನಾನು ಕುಣಿಯುವುದೊಂದು ಬಾಕಿ.

ಒಣಗಿದ ಮೇಲೆ ಅದೇ ಕೋಣೆಯ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪೊರೆಯ ಕೆಳಗೆ ಹತ್ತಾರು ಕಾಳು. ಒಂದೊಂದು ಕಾಳಿನ ಮೇಲೂ ಪೊರೆ ಡೇರೆಯಂತೆ ಎದ್ದು, ಸುತ್ತ ಸೀಳಿ ಹೋಗಿತ್ತು. ಒಂದು ಚೂರು ಹೋಯಿತು. ಶುಕ್ರವಾರ ಎರಡನೆಯದಕ್ಕೂ ಅದೇ ಗತಿಯಾಯಿತು.

"ಇದು ಕೋಣೆಯ ಧೂಳಲ್ಲ," ಎಂದರು ಇಂಗ್ರಿಡ್. "ಪುಡಿ. ನಿಮ್ಮಲ್ಲಿ ಯಾರಾದರೂ ಏನಾದರೂ ಪುಡಿ ಹಚ್ಚಿಕೊಂಡಿದ್ದೀರಾ?"

ನಾನು ಮತ್ತೊಮ್ಮೆ ಕಣ್ಣಿಟ್ಟು ನೋಡಿದೆ. ಕಾಳುಗಳು ಹಳದಿ. ತಲೆ ಎತ್ತಿ ಬೀರಪ್ಪನ ಹಣೆ ನೋಡಿದೆ. ಟೋಪಿಯ ಅಂಚಿನಲ್ಲಿ ಭಂಡಾರದ ಹಳದಿ ಗೆರೆ. ಅರಿಸಿನದ ಪುಡಿ.

"ಬೀರಪ್ಪ, ಏನ್ರೀ ಇದು? ಇಲ್ಲಿಗೆ ಬರಬೇಕಾದ್ರೂ ಭಂಡಾರ ಹಚ್ಕೊಂಡು ಬರಬೇಕಾ? ನನ್ನ ಏಳು ವರ್ಷದ ಕೆಲಸ ಐತ್ರಿ ಇದು! ಸ್ವಲ್ಪರ ತಿಳುವಳಿಕೆ ಬ್ಯಾಡ?"

ಕನ್ನಡ ಬಾರದ ಇಂಗ್ರಿಡ್ ಕೂಡ ಒಂದು ಹೆಜ್ಜೆ ಹಿಂದೆ ಸರಿದರು. ಬೀರಪ್ಪ ಏನೋ ಹೇಳಲು ಬಾಯಿ ತೆರೆದ. ನನ್ನ ಮುಖ ನೋಡಿ, ಮುಚ್ಚಿಕೊಂಡ.

"ತೊಳಕೊಂಡು ಬರ್ತೀನ್ರಿ," ಎಂದಷ್ಟೇ ಹೇಳಿ ಹೊರಗೆ ಹೋದ.

ಶನಿವಾರ, ದ್ವೀಪದಲ್ಲಿ

ರಜೆಯ ದಿನ ಪ್ರಯೋಗಾಲಯ ಮುಚ್ಚಿರುತ್ತದೆ. ಟ್ರಾಮ್ ಹಿಡಿದು ಕೊನೆಯ ನಿಲ್ದಾಣಕ್ಕೆ ಹೋದರೆ ಅಲ್ಲಿಂದ ದೋಣಿ, ದೋಣಿಯಿಂದ ದ್ವೀಪ, ಹೋಗಿ ಬನ್ನಿ ಎಂದು ಇಂಗ್ರಿಡ್ ಹೇಳಿದ್ದರು. ನಾವು ಹೋದೆವು. ಬೀರಪ್ಪ ಬರಿ ಹಣೆಯಲ್ಲಿದ್ದ. ಹದಿನಾಲ್ಕು ವರ್ಷ ಜೊತೆಗೆ ಕೆಲಸ ಮಾಡಿ ಅವನ ಬರಿ ಹಣೆ ನಾನು ನೋಡಿರಲಿಲ್ಲ. ನೋಡಲು ಯಾಕೋ ಆಗುತ್ತಿರಲಿಲ್ಲ, ಆದರೂ ನಾನು ಮಾಡಿದ್ದು ಸರಿ ಎಂದೇ ಅಂದುಕೊಂಡಿದ್ದೆ. ಕೇಳಿದ್ದಕ್ಕೆ ಹೂಂ, ಇಲ್ಲ, ಅಷ್ಟೇ ಅವನ ಉತ್ತರ.

ದ್ವೀಪದಲ್ಲಿ ಕಾರುಗಳಿಲ್ಲ. ಬರೀ ಬಂಡೆ, ಕುರುಚಲು ಗಿಡ, ಬಂಡೆಗಳ ನಡುವೆ ಕೆಂಪು ಮರದ ಮನೆ. ಸಮುದ್ರವೊಂದನ್ನು ತೆಗೆದುಬಿಟ್ಟರೆ ಗುಡೇಕೋಟೆಯ ಗುಡ್ಡಗಳೇ. ಒಂದು ತಿರುವಿನಲ್ಲಿ ಕುರಿಗಳು ಕಂಡವು, ಮೂವತ್ತೋ ನಲವತ್ತೋ. ಮೈಮೇಲೆ ಗೇಣುದ್ದ ಉಣ್ಣೆ. ಅವುಗಳ ಹಿಂದೆ ಯಾರೂ ಇಲ್ಲ, ಬೇಲಿಯೇ ಕಾಯುವವ.

ಬೀರಪ್ಪ ನಿಂತ. ನಾಲಿಗೆಯನ್ನು ಅಂಗುಳಕ್ಕೆ ಹಚ್ಚಿ "ಟ್ರುರ್‌ರ್‌ರ್, ಹೋ, ಹೋ" ಎಂದು ಕೂಗಿದ. ಒಂದು ಕುರಿ ತಲೆ ಎತ್ತಿತು. ಆಮೇಲೆ ಇನ್ನೊಂದು. ನೋಡನೋಡುತ್ತ ಹಿಂಡು ಪೂರ್ತಿ ಬೇಲಿಗೆ ಬಂದು ಒತ್ತಿಕೊಂಡಿತು. ಕುರಿಗೆ ಭಾಷೆಯ ಹಂಗಿಲ್ಲ ನೋಡಿ! ಬೀರಪ್ಪ ಬೇಲಿ ಆಚೆ ಕೈ ಹಾಕಿ ಒಂದರ ಉಣ್ಣೆ ಬಿಡಿಸಿ, ಚರ್ಮ ನೋಡಿ, ಕಿವಿ ಮಡಚಿ ನೋಡಿದ.

"ಕತ್ತರಿಸೋ ಹೊತ್ತು ಮೀರೈತಿ ಇದಕ್ಕ. ಭಾರ ಆಗೈತಿ ಪಾಪ." ಆ ಮಾತು ಕುರಿಗೆ ಹೇಳಿದ್ದು, ನನಗಲ್ಲ.

ಮನೆಯೊಂದರಿಂದ ಹೆಂಗಸೊಬ್ಬರು ಓಡಿ ಬಂದರು. ಬೈಯುತ್ತಾರೆ ಎಂದುಕೊಂಡೆ. ಅವರು ಕೇಳಿದ್ದು, ನಾನು ಕರೆದರೆ ಬರುವುದಿಲ್ಲ, ನಿಮ್ಮ ಹತ್ತಿರ ಹೇಗೆ ಬಂದವು ಎಂದು. ಅರ್ಧ ಗಂಟೆ ಬೀರಪ್ಪ ಅವರಿಗೆ ಆ ಕೂಗು ಕಲಿಸಿದ. ನಾಚಿಕೆ ಬಿಟ್ಟು ಹರುಕು ಮುರುಕು ಇಂಗ್ಲಿಷಿನಲ್ಲಿ ಮಾತಾಡಿದ, ಗಟ್ಟಿಯಾಗಿ ನಕ್ಕ. ವಾಪಸು ದೋಣಿ ಹತ್ತಿದಾಗ ಮತ್ತೆ ಸುಮ್ಮನಾದ.

ಒಂಬತ್ತನೆಯ ದಿನ

ಸೋಮವಾರ ಮೂರನೆಯ ಚೂರು. ಅಪಾಯ ಬೇಡ, ಒಬ್ಬರೇ ಒಳಗೆ ಹೋಗಿ ಎಂದರು ಇಂಗ್ರಿಡ್. ಬೀರಪ್ಪ ಹೊರಗೆ ಕಾಫಿ ಕೋಣೆಯಲ್ಲಿ ಕೂತ. ನಾನು ಎಂದಿನಂತೆ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಧರಿಸಿ, ದೇವರಿಗೆ ಕೈಮುಗಿದು ಬಂದಿದ್ದೆ. ಆ ದಿನ ಸ್ವಲ್ಪ ಹೆಚ್ಚೇ ಬೇಡಿಕೊಂಡಿದ್ದೆ. ನನ್ನ ಕೈ ಬೀರಪ್ಪನ ಕೈಯಲ್ಲ, ಎತ್ತುವಾಗ ಪೊರೆಯ ಒಂದು ಮೂಲೆ ಮಡಚಿಕೊಂಡಿತು. ಅದನ್ನು ಬಿಡಿಸಲು ಬಟ್ಟಲಿಗೆ ಮೂಗು ತಾಗುವಷ್ಟು ಬಗ್ಗಿ, ಹತ್ತು ನಿಮಿಷ ಒದ್ದಾಡಿದೆ.

ಒಣಗಿಸಿ ನೋಡಿದರೆ ಕಾಳು. ಮೊದಲಿಗಿಂತ ಹೆಚ್ಚು.

ಆ ಕೋಣೆಯಲ್ಲಿ ಬೀರಪ್ಪ ಇರಲಿಲ್ಲ. ಅವನ ಭಂಡಾರ ಇರಲಿಲ್ಲ. ಇಂಗ್ರಿಡ್ ಆ ಚಿಪ್ಪನ್ನು ಪಕ್ಕದ ಕಟ್ಟಡದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಒಯ್ದರು. ವಸ್ತುವಿನಲ್ಲಿ ಯಾವ ಯಾವ ಮೂಲಧಾತು ಇದೆ ಎಂದು ಹೇಳಬಲ್ಲ ಯಂತ್ರ ಅದು. ಪರದೆಯ ಮೇಲೆ ಉದ್ದನೆಯ ಗೆರೆಯೊಂದು ಎದ್ದಿತು.

"ಕ್ಯಾಲ್ಸಿಯಂ," ಎಂದರು ಇಂಗ್ರಿಡ್. "ವಿಚಿತ್ರ. ಸೀಮೆಸುಣ್ಣವೇ? ನೀವು ಪಾಠ ಮಾಡುವವರಲ್ಲವೇ?"

ಅರಿಸಿನದಲ್ಲಿ ಹೀಗೆ ಕ್ಯಾಲ್ಸಿಯಂ ಎದ್ದು ನಿಲ್ಲುವುದಿಲ್ಲ. ಸೀಮೆಸುಣ್ಣ ಮುಟ್ಟಿ ನನಗೆ ಹತ್ತು ದಿನವಾಗಿತ್ತು. ಎದ್ದು ಕ್ಲೀನ್ ರೂಮಿನ ಬಟ್ಟೆ ಬದಲಿಸುವ ಕೋಣೆಗೆ ವಾಪಸು ಹೋದೆ. ತೆಗೆದಿಟ್ಟಿದ್ದ ಟೋಪಿಯನ್ನು ಬಿಳಿ ದೀಪದ ಕೆಳಗೆ ಹಿಡಿದು ಒಳ ಅಂಚು ತಿರುಗಿಸಿದೆ. ಮೂರು ಬೆರಳಿನ ಮೂರು ಬಿಳಿ ಪಟ್ಟೆ, ಕೊಟ್ಟೂರಿನಲ್ಲಿ ನಮ್ಮವ್ವ ಎಳೆಯುತ್ತಿದ್ದ ಹಾಗೆಯೇ, ಬಟ್ಟೆಯ ಮೇಲೆ ಅಚ್ಚಾಗಿ ಕೂತಿತ್ತು. ಬೆರಳಿನಿಂದ ತಟ್ಟಿದೆ. ಸಣ್ಣಗೆ ಉದುರಿತು.

ಹಳದಿ ದೀಪದ ಕೆಳಗೆ ಬಿಳಿಯದೂ ಹಳದಿಯೇ ಕಾಣುತ್ತದೆ. ಎರಡನೇ ವರ್ಷದ ಹುಡುಗರಿಗೆ ಬೆಳಕಿನ ಪಾಠ ಮಾಡುವ ನನಗೆ ಇದು ಹೊಳೆಯಲಿಲ್ಲ. ಅರ್ಜಿಯಲ್ಲಿ ಪೌಡರ್ ಎಂದು ಕೇಳಿದಾಗಲೂ ಹೊಳೆಯಲಿಲ್ಲ. ವಿಭೂತಿಯನ್ನು ಪುಡಿ ಎಂದು ನಾನು ಜನ್ಮದಲ್ಲಿ ಎಣಿಸಿದವಳಲ್ಲ. ಬೀರಪ್ಪನ ಭಂಡಾರ ಮಾತ್ರ ನನ್ನ ಕಣ್ಣಿಗೆ ಪುಡಿಯಾಗಿ ಕಂಡಿತ್ತು. ನಾಚಿಕೆಯಿಂದ ಸತ್ತು ಹೋಗಬೇಕು ಅನ್ನಿಸಿತು.

ಮೊದಲು ಇಂಗ್ರಿಡ್‌ಗೆ ಹೇಳಿದೆ. ಅವರು ಟೋಪಿ ನೋಡಿದರು, ನನ್ನ ಹಣೆ ನೋಡಿದರು, ಬೈಯಲಿಲ್ಲ. "ಇದನ್ನು ಯಾರಿಗೆ ಹೇಳಬೇಕೋ ಅವರಿಗೂ ಹೇಳಿ," ಎಂದರು.

ಬೀರಪ್ಪ ಕಾಫಿ ಕೋಣೆಯ ಕಿಟಕಿ ಹತ್ತಿರ ಕೂತಿದ್ದ. ಎದುರು ಕುರ್ಚಿ ಎಳೆದುಕೊಂಡೆ. ಟೋಪಿಯನ್ನು ಮೇಜಿನ ಮೇಲಿಟ್ಟೆ.

"ಬೀರಪ್ಪ, ನಿಮ್ಮದಲ್ಲ. ನಂದು. ಮೂರೂ ಚೂರು ನಾನ ಹಾಳು ಮಾಡೀನಿ. ಅವತ್ತು ಆ ಅಮ್ಮಾರ ಮುಂದ ನಿಮಗ ಬಾಯಿಗೆ ಬಂದಂಗ ಅಂದೆ. ತಪ್ಪಾತು."

ಅವನು ಟೋಪಿ ನೋಡಲಿಲ್ಲ. "ಗೊತ್ತಿತ್ರಿ," ಎಂದ.

"ಏನು ಗೊತ್ತಿತ್ತು?"

"ಮೊದಲನೇ ದಿನಾನ ನೋಡಿದ್ದೆ. ನೀವು ಬಗ್ಗಿದಾಗ ಹಣಿ ಮ್ಯಾಲಿಂದು ನೀರಾಗ ಉದುರ್ತಿತ್ತು."

ನನಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು. "ಮತ್ತ ಯಾಕ ಹೇಳಲಿಲ್ರಿ? ಮೂರು ಚೂರು ಹೋದವಲ್ಲ!"

"ಹೆಂಗ ಹೇಳ್ಬೇಕಿತ್ರಿ ಅಕ್ಕಾರ?" ಅವನ ದನಿ ಏರಲಿಲ್ಲ. "ನಿಮ್ಮ ವಿಭೂತಿಯಿಂದ ಕೆಟ್ಟೈತಿ ಅಂತ ನಾನು ಹೇಳಾಕ ಬರತೈತೇನ್ರಿ? ಹೇಳಿದ್ರ ನೀವು ಕೇಳ್ತಿದ್ರಾ? ಶುಕ್ರವಾರ ಬಾಯಿ ತೆಗದೆ, ನೀವು ನನ್ನ ಹಣಿ ನೋಡ್ತಿದ್ರಿ."

ಹದಿನಾಲ್ಕು ವರ್ಷ ಅವನು ನನಗೆ ಹೂಂ ಎಂದದ್ದನ್ನೆಲ್ಲ ಒಪ್ಪಿಗೆ ಎಂದುಕೊಂಡಿದ್ದೆ. ಅದರಲ್ಲಿ ಎಷ್ಟು ಹೂಂ ಹೇಳಲಾಗದ ಮಾತುಗಳೋ ಏನೋ.

"ಇನ್ನು ಮುಂದ ಹೇಳ್ರಿ," ಎಂದೆ. "ನಾನು ಕೇಳಿದ್ರೂ ಹೇಳ್ರಿ, ಕೇಳದಿದ್ರೂ ಹೇಳ್ರಿ."

"ನೋಡೋಣ್ರಿ," ಎಂದ. ಆಮೇಲೆ ಮೆಲ್ಲಗೆ, "ಕೆಲಸದ ದಿನ ಸಂಜಿಗೆ ಹಚ್ಕೊಳ್ರಿ. ನಾನೂ ಸಂಜಿಗೆ ಹಚ್ಕೊಂತೀನಿ. ದೇವ್ರು ಅಲ್ಲಿ ಮಟ ಎಲ್ಲಿಗೆ ಹೋಗ್ತಾನ?" ಎಂದ.

ಹನ್ನೆರಡನೆಯ ದಿನ

ನಾಲ್ಕನೆಯ ಚೂರನ್ನು ಹಿಂದಿನ ದಿನ, ಬುಧವಾರ, ಬೀರಪ್ಪ ಒಬ್ಬನೇ ಎತ್ತಿದ. ನಾನು ಗಾಜಿನ ಕಿಟಕಿಯ ಹೊರಗೆ ನಿಂತು ನೋಡಿದೆ. ಕೂಗಿದರೂ ಕೇಳಿಸದ ಗಾಜು ಅದು, ಒಳ್ಳೆಯದೇ ಆಯಿತು. ಅವನು ಬಟ್ಟಲಿನ ಮುಂದೆ ಸುಮ್ಮನೆ ನಿಂತಿದ್ದ, ಪೊರೆ ತಾನೇ ತಿರುಗಿ ನೇರವಾಗುವವರೆಗೆ. ನಾನಾಗಿದ್ದರೆ ಅಷ್ಟರಲ್ಲಿ ಮೂರು ಸಲ ಚಿಮಟ ಹಾಕುತ್ತಿದ್ದೆ. ಆಮೇಲೆ ಒಂದೇ ಸಲ, ಓರೆಯಾಗಿ, ನಿಧಾನಕ್ಕೆ ಎತ್ತಿದ. ಸೂಕ್ಷ್ಮದರ್ಶಕದಲ್ಲಿ ಒಂದು ಕಾಳೂ ಇರಲಿಲ್ಲ. ಇಂಗ್ರಿಡ್ ಕಾಫಿ ಸಮಯವಲ್ಲದಿದ್ದರೂ ನಕ್ಕರು.

ಗುರುವಾರ ಬೆಳಿಗ್ಗೆ ಅಳತೆ. ಮರುದಿನ ನಾವು ಊರಿಗೆ ಹೊರಡಬೇಕು. ಅಳತೆಯ ಮೇಜಿನ ಮೇಲೆ ಚಿಪ್ಪು, ಅದರ ಚಿನ್ನಕ್ಕೆ ತಾಗಿಸಿದ ಕೂದಲೆಳೆಯಂಥ ಸೂಜಿಗಳು, ಪಕ್ಕದಲ್ಲಿ ಪರದೆ. ಪರದೆಯ ಮೇಲೆ ಒಂದು ಗೆರೆ, ಗೆರೆಯ ನಡುವೆ ಒಂದು ತಗ್ಗು. ಆಂಟೆನಾ ಯಾವ ತರಂಗಕ್ಕೆ ಹೊಂದಿಕೊಂಡಿದೆಯೋ ಅಲ್ಲಿ ತಗ್ಗು ಬೀಳುತ್ತದೆ. ವೋಲ್ಟೇಜ್ ಏರಿಸಿದಾಗ ಆ ತಗ್ಗು ಎಡಕ್ಕೆ ಸರಿಯಬೇಕು. ಸರಿದರೆ ನನ್ನ ಏಳು ವರ್ಷದ ಕೆಲಸ ನಿಜ. ಇಲ್ಲವಾದರೆ ಅದು ಕಂಪ್ಯೂಟರಿನೊಳಗಿನ ಚಿತ್ರ, ಅಷ್ಟೇ.

ಬೀರಪ್ಪ ವೋಲ್ಟೇಜಿನ ತಿರುಪಿನ ಮುಂದೆ ಕೂತ. ನಾನು ಪರದೆ ಸರಿಯಾಗಿ ಕಾಣಲೆಂದು ಮೇಜಿನ ಮೇಲೆ ಬಗ್ಗಿದೆ.

"ಹೂಂ, ಏರಸ್ರಿ."

ತಗ್ಗು ಸರಿಯಿತು. ನನ್ನ ಕಣ್ಣೆದುರೇ, ಎಡಕ್ಕೆ, ಒಂದು ಕಡ್ಡಿಯಷ್ಟು.

"ಸರೀತು! ಬೀರಪ್ಪ, ಸರೀತ್ರಿ! ಇಂಗ್ರಿಡ್, ನೋಡಿ, ಸರಿಯಿತು!" ನಾನು ಚಿಕ್ಕ ಹುಡುಗಿಯಂತೆ ಕೈ ತಟ್ಟಿ ಕೂಗಿದೆ. ಇಂಗ್ರಿಡ್ ಎದ್ದು ಬಂದರು.

ಬೀರಪ್ಪ ನನ್ನ ಕಡೆ ನೋಡಿದ, ಪರದೆ ಕಡೆ ನೋಡಿದ.

"ಇಲ್ರಿ ಅಕ್ಕಾರ."

"ಏನ್ ಇಲ್ಲ? ಕಣ್ಣಾರೆ ನೋಡೀನಿ!"

"ನಾನು ಇನ್ನೂ ತಿರುವೇ ಇಲ್ರಿ." ಅವನು ಎರಡೂ ಕೈ ಎತ್ತಿ ತೋರಿಸಿದ. "ನೀವು ಬಗ್ಗಿದ್ರಿ, ಅದಕ್ಕ ಸರದೈತಿ. ಹತ್ರ ಮೈ ಬಂದ್ರ ಆಂಟೆನಾಕ್ಕ ಗೊತ್ತಾಗತೈತಿ. ಇದನ್ನ ಅಳತಿ ಅಂತ ಬರದ್ರ ಸುಳ್ಳಾಗತೈತಿ. ನೀವು ಹಿಂದಕ್ಕ ಹೋಗ್ರಿ."

ಕಿವಿಯವರೆಗೆ ಬಿಸಿಯೇರಿತು ನನಗೆ. ಒಂದು ಹೆಜ್ಜೆ ಹಿಂದೆ ಸರಿದೆ.

"ಇನ್ನೂ ಹಿಂದಕ್ಕ."

ಇನ್ನೊಂದು.

"ಗೋಡಿ ಮಟ ಹೋಗ್ರಿ."

ಬೆನ್ನು ಗೋಡೆಗೆ ತಾಗಿತು. ಅಲ್ಲಿಂದ ಪರದೆಯ ಗೆರೆ ಕಂಡೂ ಕಾಣದಷ್ಟು ತೆಳು. ತಗ್ಗು ಮೊದಲಿದ್ದ ಜಾಗಕ್ಕೆ ಮರಳಿದ್ದನ್ನು ಇಂಗ್ರಿಡ್ ತಲೆಯಾಡಿಸಿ ಖಚಿತ ಮಾಡಿದರು. ಬೀರಪ್ಪ ತಿರುಪಿನ ಮೇಲೆ ಕಂದು ಉಗುರಿನ ಬೆರಳಿಟ್ಟ. ಐದು ವೋಲ್ಟ್. ಏನೂ ಇಲ್ಲ. ಹತ್ತು. ನಾನು ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದೆ. ಇಪ್ಪತ್ತು. ಮೂವತ್ತು.

ಇಂಗ್ರಿಡ್ ತಮ್ಮ ಭಾಷೆಯಲ್ಲಿ ಏನೋ ಅಂದರು. ಬೀರಪ್ಪ ತಿರುಪನ್ನು ಪೂರ್ತಿ ಇಳಿಸಿದ, ಮತ್ತೆ ಏರಿಸಿದ, ಮತ್ತೆ ಇಳಿಸಿದ. ಆಮೇಲೆ ನನ್ನ ಕಡೆ ತಿರುಗಿದ. ಅವನ ಮುಖ ತುಂಬ ನಗು.

"ಈಗ ಸರೀತ್ರಿ, ಅಕ್ಕಾರ. ಏರಿಸಿದ್ರ ಹೋಗತೈತಿ, ಇಳಿಸಿದ್ರ ಬರತೈತಿ."

ಓಡಿ ಹೋಗಿ ಪರದೆಯನ್ನು ಅಪ್ಪಿಕೊಳ್ಳಬೇಕು ಅನ್ನಿಸಿತು. ಒಂದು ಕಾಲು ಎತ್ತಿಯೂ ಬಿಟ್ಟೆ.

"ಬರ್ಲೇನ್ರಿ?"

"ಬ್ಯಾಡ್ರಿ. ಇನ್ನೂ ಮೂರು ಸಲ ಅಳತಿ ತಗೋಬೇಕು. ಅಲ್ಲೇ ನಿಂದ್ರಿ."

ನಿಂತೆ. ಗೋಡೆಗೆ ಬೆನ್ನು ಹಚ್ಚಿ, ಅಳುತ್ತ ನಗುತ್ತ, ಅವನು ಮೂರೂ ಸಲ ಅಳೆದು ಮುಗಿಸಿ ಬರ್ರಿ ಎನ್ನುವವರೆಗೂ ಅಲ್ಲೇ ನಿಂತಿದ್ದೆ.